ಕೊನೆಯ ಗುಂಡು ಯಾರಿಗೆ?

ಈ ಅನಾಹುತಕ್ಕೆಲ್ಲ ಮೂಲ ಒಂದು ಬಾಚಣಿಗೆ.

ಬೀಗದ ಕಂಪನಿಯ ಉಗ್ರಾಣದಲ್ಲಿ ಗುಮಾಸ್ತನಾದ ನಮ್ಮ ಕಥಾನಾಯಕ ಮದುವೆಯಾದ ಹೊಸತರಲ್ಲಿ ಒಂದು ವಿಡಿಯೋ ಕ್ಯಾಸೆಟ್ ಕೊಂಡು ತಂದಿದ್ದ. ಇಟಲಿಯವರು ತೆಗೆದ ಹಳೆಯ ಕೌಬಾಯ್ ಚಿತ್ರ. ತಂದ ವಾರ ನೋಡಲು ಪುರುಸೊತ್ತಾಗಲಿಲ್ಲ. ಮುಂದಿನ ವಾರ ಬಾಗಿಲು ಹಾಕಿಕೊಂಡು ಕೂತ. ಒಂದು ಕಾಲದ ಇಬ್ಬರು ಗೆಳೆಯರು ಚಿತ್ರದುದ್ದಕ್ಕೂ ಒಬ್ಬರನ್ನೊಬ್ಬರು ಹುಡುಕಿ ಅಲೆದು, ಕೊನೆಗೆ ಸುಣ್ಣದ ಗೂಡಿನ ಮುಂದೆ ಎದುರುಬದುರು ನಿಲ್ಲುತ್ತಾರೆ. ಕಣ್ಣುಗಳು ಕಿರಿದಾಗುತ್ತವೆ. ಮೂಗಿನ ಮೇಲೆ ನೊಣ ಕೂರುತ್ತದೆ. ಕೈ ಪಿಸ್ತೂಲಿನತ್ತ ಸರಿಯುತ್ತದೆ. ಅಷ್ಟರಲ್ಲಿ ಟೀವಿಯ ಚಿತ್ರ ಚರ್ರೆಂದು ಹಾರಿತು. ಅಲ್ಲಿ ಅವನ ಭಾವಮೈದುನ ಹೊಸ ಮೋಟಾರ್ ಸೈಕಲ್ ಮೇಲೆ ಕೂತು ತಲೆ ಬಾಚಿಕೊಳ್ಳುತ್ತಿದ್ದ. ಕ್ಯಾಸೆಟ್ ಮುಗಿಯುವವರೆಗೂ ಬಾಚುತ್ತಲೇ ಇದ್ದ. ತಮ್ಮನ ವಿಡಿಯೋ ತುಂಬಿಸಲು ಹೆಂಡತಿಗೆ ಬೇರೆ ಕ್ಯಾಸೆಟ್ ಸಿಕ್ಕಿರಲಿಲ್ಲವಂತೆ.

ಅಂದಿನಿಂದ ಅವನ ಎದೆಯಲ್ಲಿ ಒಂದೇ ಪ್ರಶ್ನೆ: ಗುಂಡು ಬಿದ್ದದ್ದು ಯಾರಿಗೆ? ಬಾಯಿಬಿಟ್ಟು ಯಾರನ್ನೂ ಕೇಳುವಂತಿರಲಿಲ್ಲ, ಏಕೆಂದರೆ ಆಫೀಸಿನಲ್ಲಿ ಅವನು ಈ ಚಿತ್ರಗಳ ಮಹಾ ಪಂಡಿತ. ಊಟದ ಹೊತ್ತಿನಲ್ಲಿ ಆ ಕತೆಯನ್ನು ಸುಣ್ಣದ ಗೂಡಿನವರೆಗೆ ತಂದು, ಡಬ್ಬಿಯ ಮುಚ್ಚಳ ಹಾಕಿ, "ಮುಂದಿನದು ಹೇಳೋದಲ್ಲ, ನೋಡೋದು" ಎಂದು ಎದ್ದುಬಿಡುತ್ತಿದ್ದ. ಸ್ಟೇಪ್ಲರ್ ಒತ್ತುವಾಗಲೂ ಕಣ್ಣು ಮುಚ್ಚಿಕೊಳ್ಳುವ ಈ ಆಸಾಮಿಗೆ ಜೊತೆಯವರು 'ಪಿಸ್ತೂಲು' ಎಂದು ಹೆಸರಿಟ್ಟಿದ್ದರು. ಅವನು ಅದನ್ನು ಹೊಗಳಿಕೆ ಎಂದೇ ನಂಬಿದ್ದ. ಫೋನಿನಲ್ಲಿ ಹುಡುಕಿ ತಿಳಿಯುವುದು ಬೆನ್ನಿಗೆ ಗುಂಡು ಹೊಡೆದಷ್ಟೇ ಹೇಡಿತನ ಎಂಬುದು ಅವನ ಇನ್ನೊಂದು ನಂಬಿಕೆ.

ಎಷ್ಟೋ ವರ್ಷಗಳ ಮೇಲೆ ಕೊನೆಗೂ ಆ ಚಿತ್ರದ ಡಿಸ್ಕ್ ಬಂತು. ಹೊಸದಾಗಿ ತೊಳೆದು ಬೆಳಗಿಸಿದ ಪೂರ್ತಿ ಪ್ರತಿ. ಹೆಂಡತಿ ಬೆಳಿಗ್ಗೆಯೇ ತಮ್ಮನ ಮನೆಗೆ ಹೋಗಿದ್ದಳು, ಬರುವುದು ಸಂಜೆಗೆ. ತೊಡಕು ಒಂದೇ. ಅಂದು ಉಗ್ರಾಣದ ಬೀಗಗಳನ್ನೆಲ್ಲ ಎಣಿಸುವ ದಿನ, ಯಾರಿಗೂ ರಜೆ ಇಲ್ಲ. ಪಿಸ್ತೂಲು ಕಿಟಕಿಯ ಹತ್ತಿರ ನಿಂತು ಹೆಡ್ ಕ್ಲರ್ಕಿಗೆ ಫೋನ್ ಮಾಡಿದ.

"ಸಾರ್, ಕಣ್ಣು ಬಂದಿದೆ. ಬೆಂಕಿ ಬೆಂಕಿ. ಏನೂ ಕಾಣ್ತಿಲ್ಲ ಸಾರ್."

ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಅದನ್ನು ಯಾವಾಗಲೂ ಕೂಗಿ ಹೇಳುತ್ತಾರೆ. ಮೇಲಿನ ಮನೆಯಲ್ಲಿದ್ದ ಕಾಂಪೌಂಡರ್ ಕಿವಿಗೆ ಅದು ಬಿತ್ತು. ಈತ ಕೆಲಸದಿಂದ ನಿವೃತ್ತನಾಗಿದ್ದನೇ ಹೊರತು ಹಟದಿಂದಲ್ಲ. ಪಿಸ್ತೂಲು ಪರದೆ ಎಳೆದು, ಕೋಣೆ ಕತ್ತಲು ಮಾಡಿ, ಡಿಸ್ಕ್ ಹಾಕುವಷ್ಟರಲ್ಲಿ ಕಾಂಪೌಂಡರ್ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಎಲ್ಲಿ, ಕಣ್ಣು ತೋರಿಸಿ."

"ಈಗ ಎಷ್ಟೋ ವಾಸಿ..."

"ವಾಸಿನಾ? ಒಳ್ಳೇದಾಯ್ತು. ಹಾಗಾದ್ರೆ ನಿಮ್ಮ ಹೆಡ್ ಕ್ಲರ್ಕಿಗೆ ಹೇಳ್ಬಿಡ್ತೀನಿ, ಪಾಪ ಗಾಬರಿ ಆಗಿರ್ತಾರೆ."

"ಇಲ್ಲ ಇಲ್ಲ, ಮತ್ತೆ ಉರೀತಿದೆ!"

ಪರದೆಯ ಮೇಲಿನ ವೀರರು ಮೂರೇ ಮಾತಿನಲ್ಲಿ ಊರನ್ನೇ ನಡುಗಿಸುತ್ತಿದ್ದರು. ನಮ್ಮ ವೀರ ಮೂರೇ ಮಾತಿನಲ್ಲಿ ತಾನೇ ಹೋಗಿ ಸಿಕ್ಕಿಬಿದ್ದ. ಯಾವ ಕಾಲದ್ದೋ ಸೀಸೆಯಿಂದ ಎರಡೂ ಕಣ್ಣಿಗೆ ಹನಿ ಬಿತ್ತು. ಅಲ್ಲಿಯವರೆಗೆ ಸುಳ್ಳಾಗಿದ್ದ ಉರಿ ಅಲ್ಲಿಂದ ನಿಜವಾಯಿತು. ಅವನು ಕುಣಿದಾಡುತ್ತಿದ್ದಂತೆಯೇ ಕಾಂಪೌಂಡರ್ ಹತ್ತಿ ಇಟ್ಟು, ಪಟ್ಟಿ ಸುತ್ತಿ, ತಲೆಯ ಹಿಂದೆ ಗಂಟು ಬಿಗಿದ.

"ಸರಿ, ನೀವು ಹೊರಡಿ. ನಾನು ಮಲಗ್ತೀನಿ" ಎಂದ ಪಿಸ್ತೂಲು.

"ಎಲ್ಲಾದರೂ ಉಂಟೇ? ಕಣ್ಣು ಕಟ್ಟಿದ ರೋಗೀನ ಒಂಟಿಯಾಗಿ ಬಿಟ್ಟು ಹೋಗೋ ಜನ ನಾವಲ್ಲ."

ಆಗಲೇ ಕರೆಗಂಟೆಯ ಸದ್ದಾಯಿತು. ಬಂದವನು ಹೆಡ್ ಕ್ಲರ್ಕ್. ಕ್ಷೇಮ ವಿಚಾರಿಸಲು ಎಂದು ಬಾಯಲ್ಲಿ ಹೇಳಿದರೂ, ಕಳ್ಳನನ್ನು ಕೈಯಾರೆ ಹಿಡಿಯುವ ಉತ್ಸಾಹದಲ್ಲಿ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದಿದ್ದ. ಪಟ್ಟಿ ಕಂಡೊಡನೆ ಅವನ ಮುಖ ಇಳಿಯಿತು.

"ಛೇ, ನಿಜವಾಗ್ಲೂ ಬಂದಿದೆಯಲ್ರೀ! ನಾನೇನೋ..." ಎಂದು ತಡವರಿಸಿ, ಮಾತು ಬದಲಿಸಲು ಸುತ್ತ ನೋಡಿದ. ಟೀವಿಯಲ್ಲಿ ಟೋಪಿ ಹಾಕಿದವನೊಬ್ಬ ಅಲ್ಲಾಡದೆ ನಿಂತಿದ್ದ. "ಇದು ಅದೇ ಚಿತ್ರ ತಾನೇ? ಆ ಸುಣ್ಣದ ಗೂಡಿಂದು?"

"ಹೂಂ ಸಾರ್. ಆರಿಸ್ಬಿಡಿ ಸಾರ್."

"ಆರಿಸೋದಾ? ಪಾಪ, ನಿಮಗಂತೂ ನೋಡೋಕಾಗಲ್ಲ. ಕೇಳಿಸ್ಕೊಂಡಾದ್ರೂ ಸಂತೋಷಪಡಿ. ನಿಮಗೆ ಹೇಗೂ ಬಾಯಿಪಾಠ. ಬೀಗ ಎಲ್ಲಿ ಓಡಿಹೋಗ್ತವೆ, ನಾಳೆ ಎಣಿಸಿದರಾಯ್ತು."

ರೋಗಿಯನ್ನು ನಡುವೆ ಕೂರಿಸಿಕೊಂಡು ಇಬ್ಬರೂ ಸೋಫಾದಲ್ಲಿ ಕಾಲು ಚಾಚಿದರು. ಬೇರೆ ಬಗೆಯ ಚಿತ್ರವಾಗಿದ್ದರೆ ಮಾತು ಕೇಳಿಯೇ ಕತೆ ತಿಳಿಯಬಹುದಿತ್ತು. ಇಲ್ಲಿ ಮಾತು ಎಂಬುದೇ ಇಲ್ಲ. ಗಾಳಿ, ಗೊರಸು, ಕಿರುಗುಡುವ ಬಾಗಿಲು, ನಡುನಡುವೆ ಯಾರದೋ ಸಿಳ್ಳೆ. ಈ ಮೌನವೇ ಇವುಗಳ ಜೀವಾಳ ಎಂದು ವರ್ಷಗಟ್ಟಲೆ ಭಾಷಣ ಬಿಗಿದವನು ಈಗ ಒಂದೇ ಒಂದು ಮಾತಿಗಾಗಿ ಬಾಯಿ ಬಾಯಿ ಬಿಟ್ಟ.

ಕೊನೆಗೆ ಸಿಳ್ಳೆಯೂ ನಿಂತಿತು. ನೊಣದ ಸದ್ದು ಬಂತು. ಸುಣ್ಣದ ಗೂಡು! ಪಿಸ್ತೂಲು ಉಸಿರು ಬಿಗಿಹಿಡಿದು, ಕೆನ್ನೆ ತುರಿಸುವವನಂತೆ ಕೈ ಎತ್ತಿ, ಹೆಬ್ಬೆರಳನ್ನು ಪಟ್ಟಿಯ ಕೆಳಗೆ ತೂರಿಸಿದ. ಫಟ್ ಎಂದು ಕೈ ಮೇಲೆ ಏಟು ಬಿತ್ತು.

"ಕೈ ತೆಗೀರಿ! ಬೆಳಕು ತಾಗಿದರೆ ಕಣ್ಣೇ ಹೋಗುತ್ತೆ" ಎಂದ ಕಾಂಪೌಂಡರ್.

ಢಂ!

"ಅಬ್ಬಬ್ಬಾ!" ಎಂದ ಹೆಡ್ ಕ್ಲರ್ಕ್.

"ಬಿದ್ದೇ ಬಿಟ್ಟನಲ್ಲಪ್ಪ!" ಎಂದ ಕಾಂಪೌಂಡರ್.

"ಯಾರು?" ಪಿಸ್ತೂಲಿನ ಬಾಯಿಂದ ಜಾರಿಹೋಯಿತು.

"ಯಾರು ಅಂದ್ರೆ? ನೀವು ನೂರು ಸಲ ನೋಡಿದ್ದೀರಲ್ಲ!" ಎಂದ ಹೆಡ್ ಕ್ಲರ್ಕ್.

"ಅಲ್ಲ ಸಾರ್, ಬಾಗಿಲಲ್ಲಿ ಯಾರೋ ಬಂದ ಹಾಗಾಯ್ತು. ಅದಕ್ಕೆ ಕೇಳಿದೆ."

"ಯಾರೂ ಇಲ್ಲ. ಏನು ಕೊನೆ ರೀ ಇದು! ನೀವು ಹೇಳದೆ ಬಿಡ್ತಿದ್ದದ್ದು ಎಷ್ಟು ಸರಿ. ನಾನೂ ಯಾರಿಗೂ ಹೇಳಲ್ಲ." ಹೆಡ್ ಕ್ಲರ್ಕ್ ಹೊರಡುವಾಗ ಡಿಸ್ಕನ್ನು ಜೇಬಿಗಿಳಿಸಿದ. "ಕಣ್ಣೆದುರು ಇದ್ದರೆ ನಿಮಗೆ ಆಸೆ ಆಗುತ್ತೆ. ನನ್ನ ಹತ್ತಿರವೇ ಇರಲಿ. ಮನೆಯವರಿಗೂ ತೋರಿಸ್ತೀನಿ."

ಜೀವಮಾನದಲ್ಲಿ ಒಮ್ಮೆಯಾದರೂ ಎದ್ದು ನಿಂತು 'ಅದು ನನ್ನದು' ಎನ್ನಬೇಕಾದ ಗಳಿಗೆ ಅದು. ಪಿಸ್ತೂಲು ಎದ್ದು ನಿಂತದ್ದು ನಿಜ. "ಆಗಲಿ ಸಾರ್" ಎಂದು ಕೂತ.

ಸಂಜೆ ಹೆಂಡತಿ ಬಂದು ಪಟ್ಟಿ ಬಿಚ್ಚಿದಳು. ಕಣ್ಣುಗಳು ಟೊಮ್ಯಾಟೊ ಹಣ್ಣಿನಂತೆ ಊದಿಕೊಂಡು ಒಂದು ಸೀಳಿನಷ್ಟೇ ತೆರೆದುಕೊಂಡವು. ಕನ್ನಡಿ ಮುಂದೆ ವರ್ಷಗಟ್ಟಲೆ ಅಭ್ಯಾಸ ಮಾಡಿದರೂ ಬಾರದಿದ್ದ ಕೌಬಾಯ್ ನೋಟ ಇವತ್ತು ಪುಕ್ಕಟೆ ಬಂದಿತ್ತು. ದುಃಖ ತಡೆಯಲಾರದೆ ಅವಳ ಮುಂದೆ ಎಲ್ಲವನ್ನೂ ಹೇಳಿಕೊಂಡ.

"ಅಯ್ಯೋ, ಅದಕ್ಕೆ ಇಷ್ಟೆಲ್ಲ ಪರದಾಟವಾ?" ಅವಳಿಗೆ ನಗು. "ನನ್ನ ಕೇಳಿದ್ರೆ ಆಗ್ತಿರಲಿಲ್ವಾ? ಆ ಕ್ಯಾಸೆಟ್ ಬಂದ ದಿನವೇ ನಾನು ಪೂರ್ತಿ ನೋಡಿದ್ದೆ. ನೋಡಿದ ಮೇಲೇ ಅಳಿಸಿದ್ದು."

ಪಿಸ್ತೂಲು ಅವಳ ಎರಡೂ ಕೈ ಹಿಡಿದುಕೊಂಡ. "ಯಾರು? ಯಾರು ಸತ್ತದ್ದು? ಹೇಳೇ ಮಾರಾಯ್ತಿ!"

"ನಂಗೆ ಚೆನ್ನಾಗಿ ನೆನಪಿದೆ ರೀ. ಆ ಟೋಪಿ ಹಾಕ್ಕೊಂಡಿದ್ದನಲ್ಲ, ಗಡ್ಡದವನು? ಅವನೇ ಸತ್ತ."

ಪಿಸ್ತೂಲು ಮೆಲ್ಲನೆ ಅವಳ ಕೈ ಬಿಟ್ಟ. ಆ ಚಿತ್ರದಲ್ಲಿ ಟೋಪಿ ಗಡ್ಡ ಎರಡೂ ಇಲ್ಲದ್ದು ಕುದುರೆಗಳಿಗೆ ಮಾತ್ರ.