ಮೀನೂಟದ ಹೋಟೆಲಿಗೆ ಬುತ್ತಿ ಕಟ್ಟಿಕೊಂಡು ಹೋದ ಸಮಿತಿ

ಕರಾವಳಿಯ ಅತ್ಯುತ್ತಮ ಮೀನೂಟದ ಹೋಟೆಲನ್ನು ಆಯ್ಕೆ ಮಾಡುವ ಅಧಿಕಾರವು ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳದ್ದಾಗಿರುತ್ತದೆ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಸಮುದ್ರಾಹಾರ ಉತ್ತೇಜನ ಮಂಡಳಿಯ ಸುತ್ತೋಲೆ ಸ್ಪಷ್ಟವಾಗಿದೆ: "ಮೀನಿನ ರುಚಿ ಬಲ್ಲವರು ಯಾವುದಾದರೊಂದು ಮೀನಿನ ಪಕ್ಷಪಾತಿಗಳಾಗಿರುವ ಸಂಭವವಿರುವುದರಿಂದ, ಜನ್ಮದಲ್ಲಿ ಮೀನು ತಿನ್ನದವರನ್ನೇ ಸಮಿತಿಗೆ ನೇಮಿಸತಕ್ಕದ್ದು." ಕರಾವಳಿಯಲ್ಲಿ ಅಂಥವರನ್ನು ಹುಡುಕಿ ಸುಸ್ತಾದ ಮಂಡಳಿ ನಮ್ಮ ಕಡೆ ಬಂತು. ಸಿಂದಗಿಯ ಧೂಳಪ್ಪನವರು ಅಧ್ಯಕ್ಷರು, ಇಂಡಿಯ ಸುರೇಖಾ ಮೇಡಂ ತಜ್ಞೆ, ಮುದ್ದೇಬಿಹಾಳದ ಸಿದ್ಧರಾಮ ಸದಸ್ಯ, ಬಾಗೇವಾಡಿಯ ನಾನು ಕಾರ್ಯದರ್ಶಿ.

ಜೀಪು ಹತ್ತುವಾಗ ನಾಲ್ವರ ಕೈಯಲ್ಲೂ ಬುತ್ತಿಗಂಟು. ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ. "ಮೀನಿನ ಊರಾಗ ನಾವು ಉಣ್ಣೂದರ ಏನ್ರಿ?" ಎಂದು ಧೂಳಪ್ಪನವರು ಕೇಳಿದ್ದು ನ್ಯಾಯವಾದ ಪ್ರಶ್ನೆ.

ಮೊದಲನೆಯದು ದೊಡ್ಡ ಹೋಟೆಲು. ಎಸಿ ಇತ್ತು, ಗಾಜಿನ ತೊಟ್ಟಿಯಲ್ಲಿ ಜೀವಂತ ಏಡಿಗಳಿದ್ದವು. ನಾವು ಕುಳಿತು ಗಂಟು ಬಿಚ್ಚಿದ್ದೇ ತಡ, ಮ್ಯಾನೇಜರು ಓಡಿ ಬಂದು ಗೋಡೆಯ ಬರಹ ತೋರಿಸಿದ: "ಹೊರಗಿನ ತಿನಿಸು ತರಬಾರದು." ಕುಳಿತು ಉಣ್ಣದೆ ಪರಿಶೀಲನೆ ಹೇಗೆ? ಕರ್ತವ್ಯಕ್ಕೆ ಅಡ್ಡಿಯೆಂದು ಹೋಟೆಲನ್ನು ಅಲ್ಲೇ ಅನರ್ಹಗೊಳಿಸಿದೆವು. ಪಕ್ಕದ್ದರಲ್ಲೂ ಅದೇ ಬರಹ. ಅದರ ಪಕ್ಕದ್ದರಲ್ಲೂ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಇಡೀ ಬೀದಿ ಅನರ್ಹವಾಗಿ, ಸಮಿತಿಯ ಹೊಟ್ಟೆ ಚುರುಗುಟ್ಟುತ್ತಿತ್ತು.

ಉಳಿದದ್ದು ಬಂದರಿನ ಮೂಲೆಯ ಕಾವೇರಿಯ ಹೋಟೆಲು. ಆಲಮಟ್ಟಿಯ ಮೀನುಗಾರರ ಮಗಳು, ಸಮುದ್ರದ ದಂಡೆಗೆ ಸೊಸೆಯಾಗಿ ಹೋದವಳು. ಬಾಗಿಲಲ್ಲೇ ಕೈ ಮುಗಿದಳು.

"ನನ್ನ ಹೊಟ್ಟಿಪಾಡು ನಿಮ್ಮ ಕೈಯಾಗೈತ್ರಿ ಅಣ್ಣಾರ. ದೀಪಾವಳಿ ಒಳಗ ಮಂಡಳಿದು ನಂಬರ್ ಒನ್ ಅನ್ನೂ ಬೋರ್ಡ್ ಬರ್ಲಿಲ್ಲಂದ್ರ ಜಾಗಾದ ಮಾಲಕ ನನ್ನ ಹೊರಗ ಹಾಕಿ ಮೊಬೈಲ್ ಅಂಗಡಿ ಇಡ್ತಾನಂತ."

ಮುಂಜಾನೆಯಿಂದ ಒಲೆ ಮುಂದೆ ನಿಂತಿದ್ದಳಂತೆ. ಅಂಜಲ್ ಫ್ರೈ, ಬಂಗುಡೆ ಸಾರು, ಏಡಿ ಸುಕ್ಕ ಎಲ್ಲಾ ತಂದಿಟ್ಟಳು. ಸಮಿತಿಯು ಆ ಪಾತ್ರೆಗಳನ್ನು ಗೌರವಪೂರ್ವಕವಾಗಿ ಬದಿಗೆ ಸರಿಸಿ ಬುತ್ತಿ ಬಿಚ್ಚಿತು.

"ಒಂದ ತುಣುಕರ ಬಾಯಾಗ ಇಡ್ರಿ," ಅಂದಳು. ಪಾಪ, ಕಣ್ಣಲ್ಲಿ ನೀರು ಬಂದಿತ್ತು.

"ಇಟ್ಟರ ನಮ್ಮ ಸದಸ್ಯತ್ವನ ಹೋಗ್ತೈತಿ, ತಂಗಿ. ನಿನಗ ನ್ಯಾಯ ಸಿಗೂದು ಬ್ಯಾಡೇನು?" ಅಂದರು ಧೂಳಪ್ಪನವರು.

ಕಾವೇರಿ ನಮ್ಮ ಬುತ್ತಿಯೊಳಗೆ ಇಣುಕಿದಳು. ನಮ್ಮ ಹಿಂಡಿ ಅಷ್ಟರಲ್ಲಿ ಮುಗಿದಿತ್ತು. ಒಳಗೆ ಹೋಗಿ, ಅವಳ ಅವ್ವ ಆಲಮಟ್ಟಿಯಿಂದ ಕಳಿಸಿದ್ದ ಶೇಂಗಾ ಹಿಂಡಿಯ ಡಬ್ಬಿ, ಕೆನೆಮೊಸರು ತಂದಳು. ಸುರೇಖಾ ಮೇಡಂ ಒಂದು ತುತ್ತು ಉಂಡು, "ಅಯ್ಯ ಶಿವನ!" ಅಂದರು. ಸಿದ್ಧರಾಮ ಡಬ್ಬಿಯನ್ನೇ ತನ್ನ ಕಡೆ ಎಳೆದುಕೊಂಡ. ಆಯ್ಕೆ ಅವಿರೋಧವಾಗಿ ಮುಗಿಯಿತು. ವರದಿ ಬರೆದವನು ನಾನೇ: "ಸದರಿ ಹೋಟೆಲಿನ ಊಟ ಕರಾವಳಿಯಲ್ಲೇ ಶ್ರೇಷ್ಠ. ಮೀನಿನ ಬಗ್ಗೆ ಸಮಿತಿಗೆ ಯಾವ ತಕರಾರೂ ಇರುವುದಿಲ್ಲ."

ಬೋರ್ಡು ಬಂತು. ಸಮಿತಿ ಉಂಡದ್ದು ರೊಟ್ಟಿ, ಹಿಂಡಿ ಎಂಬ ಸುದ್ದಿಯೂ ಹರಡಿತು. ಮಾಲಕ ಮೊಬೈಲ್ ಅಂಗಡಿಯ ಮಾತೆತ್ತಲಿಲ್ಲ. ಪ್ರವಾಸಿಗರು ಬಸ್ಸುಗಟ್ಟಲೆ ಬಂದರು, ಮೀನು ಬಡಿಸಿದರೆ ಸಿಟ್ಟಾದರು. "ಇದು ಎಲ್ಲಾ ಕಡೆ ಸಿಗುತ್ತದಮ್ಮ, ಸಮಿತಿಯವರು ಉಂಡದ್ದನ್ನು ಕೊಡಿ." ಕಾವೇರಿ ಆಲಮಟ್ಟಿಯಿಂದ ರೊಟ್ಟಿ ಬಡಿಯುವ ಹೆಣ್ಣುಮಕ್ಕಳನ್ನು ಕರೆಸಿದಳು. ದೊಡ್ಡ ಹೋಟೆಲಿನವರು ಏಡಿಗಳನ್ನು ಸಮುದ್ರಕ್ಕೆ ಬಿಟ್ಟು ಗಾಜಿನ ತೊಟ್ಟಿಗೆ ಜೋಳದ ಹಿಟ್ಟು ತುಂಬಿದರು. ಮಂಡಳಿಯೂ ತಡಮಾಡದೆ ತಿದ್ದುಪಡಿ ಹೊರಡಿಸಿತು: "ಸಮುದ್ರಾಹಾರವೆಂದರೆ ಸಮುದ್ರ ಕಾಣುವಂತೆ ಕುಳಿತು ಉಣ್ಣುವ ಯಾವುದೇ ಆಹಾರ."

ಈಗ ಸಿಂದಗಿ ಬಸ್ ಸ್ಟ್ಯಾಂಡ್ ಎದುರು ಬಂದಗಿಸಾಬನೆಂಬವನು 'ಅಸಲಿ ಕರಾವಳಿ ಊಟ' ಎಂಬ ಹೋಟೆಲು ತೆಗೆದಿದ್ದಾನೆ. ಸಿಗುವುದು ರೊಟ್ಟಿ, ಹಿಂಡಿ. ಗೋಡೆಯ ಮೇಲೆ ಸಮುದ್ರ ಬರೆಸಿರುವುದರಿಂದ ನಿಯಮ ಪಾಲನೆಯಾಗಿದೆ. ಕಲಬುರಗಿ ಬಸ್ಸು ಬಿಟ್ಟರೂ ಬಿಡಲಿ ಎಂದು ಜನ ಸರದಿ ನಿಲ್ಲುತ್ತಾರೆ. ಧೂಳಪ್ಪನವರಂತೂ ಮನೆಯ ರೊಟ್ಟಿ ಮುಟ್ಟುವುದಿಲ್ಲ. "ಇದಕ್ಕ ಸಮುದ್ರದ ರುಚಿ ಎಲ್ಲಿ ಬರಬೇಕು?" ಎಂದು ಹೆಂಡತಿಯ ಮೇಲೆ ರೇಗುತ್ತಾರೆ.

ಮೊನ್ನೆ ಐತವಾರ ಮರುಪರಿಶೀಲನೆಗೆಂದು ಕಾವೇರಿಯ ಹೋಟೆಲಿಗೆ ಹೋದೆ. ಕದ ಮುಚ್ಚಿತ್ತು. ಬಡಿದಾಗ ಅರ್ಧ ತೆರೆದು, ನನ್ನನ್ನು ಗಡಬಡಿಸಿ ಒಳಗೆ ಕರೆದುಕೊಂಡಳು.

"ಇದೇನವ್ವಾ, ಮೀನಿನ ವಾಸನಿ?"

"ಸಣ್ಣಗ ಮಾತಾಡ್ರಿ ಅಣ್ಣಾರ! ಮನಿ ಮಂದಿಗಷ್ಟ ಮಾಡಾಕತ್ತೇನಿ. ಗಿರಾಕಿ ಕಂಡ್ರ, ನಂಬರ್ ಒನ್ ಮೀನಿನ ಹೋಟೆಲಂತ ಬಂದ ಹೆಸರ ಕೆಡತೈತ್ರಿ."

ಅವಳ ಆತಂಕ ನನಗೆ ಸರಿಯೆನ್ನಿಸಿತು. ಹಿತ್ತಲ ಕಿಟಕಿಯೊಂದು ತೆರೆದಿತ್ತು. ನಾನೇ ಹೋಗಿ ಮುಚ್ಚಿ ಬಂದೆ.