ಮಗಳ ಮದುವೆಗೆ ಸ್ವಂತ ಟ್ಯೂನು

ಸಂಗೀತ ಶಾಸ್ತ್ರ ಕಲಿತರೆ ಸೃಜನಶೀಲತೆ ಸತ್ತುಹೋಗುತ್ತದೆ ಎಂಬ ಸತ್ಯವನ್ನು ಕನ್ನಡಕದಂಗಡಿಯ ಯಜಮಾನರು ಯಾವ ಪುಸ್ತಕವನ್ನೂ ಓದದೆ ಕಂಡುಕೊಂಡಿದ್ದರು. ಓದಿದ್ದರೆ ಸಿಗುತ್ತಿರಲಿಲ್ಲ ಎಂಬುದೇ ಅದಕ್ಕೆ ಅವರು ಕೊಡುತ್ತಿದ್ದ ಪುರಾವೆ. ಕಣ್ಣು ತೋರಿಸಲು ಬಂದವರು ಗದ್ದವನ್ನು ಯಂತ್ರದ ಮೇಲಿಟ್ಟು ಅಲ್ಲಾಡದೆ ಕೂತಿರುವಾಗ ಯಜಮಾನರು ಈ ಸಿದ್ಧಾಂತವನ್ನು ಸವಿಸ್ತಾರವಾಗಿ ಬೋಧಿಸುತ್ತಿದ್ದರು. ಗದ್ದ ಸಿಕ್ಕಿಹಾಕಿಕೊಂಡ ಮನುಷ್ಯ ಎದುರು ಮಾತಾಡುವುದು ಕಷ್ಟ. ಹೀಗಾಗಿ ಊರಿನಲ್ಲಿ ಆ ಸಿದ್ಧಾಂತವನ್ನು ಒಪ್ಪದವರು ಯಾರೂ ಇಲ್ಲ ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು.

ಅವರ ಬಳಿ ಒಂದು ಕೀಬೋರ್ಡ್ ಇತ್ತು. ಮಗಳಿಗೆಂದು ಕೊಂಡದ್ದು, ಮಗಳು ಅದರ ಮೇಲೆ ಧೂಳು ಬೆಳೆಸಿ, ಓದು ಮುಗಿಸಿ, ಕೆಲಸಕ್ಕೆ ಸೇರಿದ ಮೇಲೆ ತಂದೆಗೆ ಉತ್ತರಾಧಿಕಾರದಲ್ಲಿ ಬಂತು. ಯಜಮಾನರು ಮೂರು ಬೆರಳುಗಳಲ್ಲಿ ನುಡಿಸುತ್ತಿದ್ದರು. (ಉಳಿದ ಏಳು ಬೆರಳುಗಳು ಮೀಸಲು ಪಡೆ. ಈವರೆಗೆ ಕರೆ ಬಂದಿಲ್ಲ.) ಮಧ್ಯಾಹ್ನ ಅಂಗಡಿ ಮುಚ್ಚಿ, ಮನೆಗೆ ಬಂದು ಉಂಡು, ಬಚ್ಚಲಿನ ಪಕ್ಕದ ಕೋಣೆಯಲ್ಲಿ ಕಾಲು ಚಾಚಿ ಮಲಗಿದರೆ, ಅರೆನಿದ್ದೆಯಲ್ಲಿ ಎಲ್ಲಿಂದಲೋ ಒಂದು ಟ್ಯೂನು ತೇಲಿ ಬರುತ್ತಿತ್ತು. ಎದ್ದವರೇ ಓಡಿ ನುಡಿಸಿಬಿಡುವರು. ಹೀಗೆ ಹುಟ್ಟಿದ ಕೃತಿಗಳನ್ನು ಕೇಳಿದ ನೆರೆಹೊರೆಯವರೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಇದನ್ನ ಎಲ್ಲೋ ಕೇಳಿದೀವಲ್ಲ!" ಮಹಾಕೃತಿಗಳು ಮೊದಲ ಸಲಕ್ಕೇ ಪರಿಚಿತವೆನಿಸುತ್ತವೆ ಎಂದು ಯಜಮಾನರು ವಿನಯದಿಂದ ಒಪ್ಪಿಕೊಳ್ಳುತ್ತಿದ್ದರು.

ಇಷ್ಟರಲ್ಲಿ ಮಗಳಿಗೆ ಮದುವೆ ಗೊತ್ತಾಯಿತು. ಬೀಗರು ವಾದ್ಯವೃಂದ ನಡೆಸುವವರು. ಮೂವತ್ತು ಜನ ಕೂಡಿ ನುಡಿಸುವಾಗ ಮುಂದೆ ನಿಂತು ಕೈಯಾಡಿಸುವ ಕೆಲಸ. ಮೊದಲ ಭೇಟಿಯಲ್ಲೇ ಯಜಮಾನರು ಘೋಷಿಸಿಬಿಟ್ಟರು: ಮದುಮಗಳು ಮದುವೆ ಹಾಲ್‌ನೊಳಗೆ ನಡೆದು ಬರುವಾಗ ಬಾಡಿಗೆ ಸಂಗೀತ ಬೇಡ, ಅಪ್ಪ ಕಟ್ಟಿದ ಸ್ವಂತ ಟ್ಯೂನು ಕೇಳಬೇಕು. ಮಗಳ ಕಣ್ಣು ಮಿನುಗಿತು. ಬೀಗರ ಹುಬ್ಬು ಮೇಲೇರಿತು. ಯಜಮಾನರಿಗೆ ಎರಡೂ ಮೆಚ್ಚುಗೆಯಂತೆಯೇ ಕಂಡವು.

ಮರುವಾರ ಹೆಂಡತಿ ಸಂಗೀತ ಶಾಸ್ತ್ರದ ತರಗತಿಗೆ ಸೇರಿದಳು.

ಆಕೆ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವವಳು. ಸಂಜೆ ಕೆಲಸ ಬಿಟ್ಟು ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿ ಹತ್ತಿ, ಹತ್ತು ವರ್ಷದ ಮಕ್ಕಳ ನಡುವೆ ಬೆಂಚಿನ ಮೇಲೆ ಕೂತು, ಸ್ವರಗಳ ನಡುವಿನ ಅಂತರ ಕಲಿತು ಮನೆಗೆ ಬರುತ್ತಿದ್ದಳು.

"ನಿಂಗ್ಯಾಕೆ ಈ ವಯಸ್ಸಲ್ಲಿ ಇದೆಲ್ಲ?" ಎಂದರು ಯಜಮಾನರು.

"ಬೀಗ್ರು ಮಾತಾಡೋವಾಗ ಎಲ್ಲಿ ತಲೆ ಆಡಿಸ್ಬೇಕು ಅಂತಾದ್ರೂ ತಿಳೀಲಿ ಅಂತ."

"ನೋಡು, ಶಾಸ್ತ್ರ ಅಂದ್ರೆ ಸಂಗೀತದ ಪೋಸ್ಟ್‌ಮಾರ್ಟಂ. ಜೀವ ಇರೋದನ್ನ ಕೊಯ್ದು ನೋಡೋದು. ನಿಂಗೆ ಏನು ಸಿಕ್ರೂ ಸೂಜಿ ಚುಚ್ಚಿ ನೋಡೋ ಅಭ್ಯಾಸ."

"ಸೂಜಿ ಚುಚ್ಚಿದ್ರೆ ಸಾಯಲ್ಲ ರೀ, ಏನು ಕಾಯಿಲೆ ಅಂತ ಗೊತ್ತಾಗುತ್ತೆ. ಹಾಗಿದ್ರೆ ನಿಮ್ಮ ಅಂಗಡೀಲೂ ಒಂದು ಬೋರ್ಡ್ ಹಾಕಿ. ಅಕ್ಷರ ಕಲಿತ್ರೆ ದೃಷ್ಟಿ ಹಾಳಾಗುತ್ತೆ, ದಯವಿಟ್ಟು ಕಲೀಬೇಡಿ ಅಂತ."

ಯಜಮಾನರು ಎದ್ದು ಕೀಬೋರ್ಡಿನ ಧೂಳು ಒರೆಸತೊಡಗಿದರು. ಪ್ರತಿಭಾವಂತರು ಎಲ್ಲದಕ್ಕೂ ಉತ್ತರ ಕೊಡುತ್ತಾ ಕೂರುವುದಿಲ್ಲ.

ಟ್ಯೂನು ಒಂದು ಮಧ್ಯಾಹ್ನ ಪೂರ್ತಿಯಾಗಿ ಒಲಿದು ಬಂತು. ಮೇಲೇರುತ್ತದೆ, ಒಂದು ಸುತ್ತು ಬಳುಕುತ್ತದೆ, ಮೆಟ್ಟಿಲಿಳಿದ ಹಾಗೆ ಇಳಿದು ಠೀವಿಯಿಂದ ನಿಲ್ಲುತ್ತದೆ. ಸಂಜೆ ಹೆಂಡತಿಯನ್ನು ಕೂರಿಸಿ ನುಡಿಸಿ ತೋರಿಸಿದರು. ಆಕೆ ಕಣ್ಣು ಮುಚ್ಚಿ ಕೇಳಿ, ಬೆರಳಲ್ಲಿ ಏನೋ ಎಣಿಸಿದಳು.

"ಚೆನ್ನಾಗೇ ಇದೆ. ಆದ್ರೆ ಇದು ಬರೋ ಟ್ಯೂನಲ್ಲ, ಹೋಗೋ ಟ್ಯೂನು."

"ಅಂದ್ರೆ?"

"ಕೊನೇಲಿ ನಿ ಇಂದ ಸ ಗೆ ಬಂದು ಕೂತ್ಬಿಡುತ್ತೆ. ಮನೆಗೆ ಬಂದು ಚಪ್ಪಲಿ ಬಿಟ್ಟ ಹಾಗೆ. ಕೇಳ್ದೋರಿಗೆ 'ಸರಿ, ಮುಗೀತು' ಅನ್ಸುತ್ತೆ. ಹುಡುಗಿ ಇನ್ನೂ ಬಾಗಿಲಲ್ಲೇ ಇರ್ತಾಳೆ ರೀ! ಪ ದಲ್ಲಿ ನಿಲ್ಸಿ. ಬಾಗಿಲು ತೆಗೆದಿಟ್ಟ ಹಾಗಿರುತ್ತೆ, ಮುಂದೇನು ಅಂತ ಜನ ಕಾಯ್ತಾರೆ."

"ಜನಕ್ಕೆ ಸ ಯಾವುದು ಪ ಯಾವುದು ಅಂತ ಗೊತ್ತಾ? ನಿಮ್ಮ ಬೆಂಚಿನ ಮಕ್ಕಳಿಗೆ ಗೊತ್ತಿರ್ಬಹುದು. ಜನ ಹೃದಯದಿಂದ ಕೇಳ್ತಾರೆ!" ಯಜಮಾನರು ಕೀಬೋರ್ಡಿಗೆ ಬಟ್ಟೆ ಮುಚ್ಚಿದರು, ಅದರ ಕಿವಿಗೆ ಇಂಥ ಮಾತು ಬೀಳಬಾರದೆಂಬಂತೆ.

ಭಾನುವಾರ ಬೀಗರ ಕುಟುಂಬ ಊಟಕ್ಕೆ ಬಂತು. ಬೀಗರು, ಬೀಗಿತ್ತಿ, ಅಳಿಯನಾಗುವ ಹುಡುಗ. ಉಂಡು ಸೋಫಾದಲ್ಲಿ ಹರಡಿಕೊಂಡ ಮೇಲೆ ಯಜಮಾನರು ಒಂದು ಸಣ್ಣ ಮುನ್ನುಡಿ ಹೇಳಿದರು. (ಸಣ್ಣದು ಎಂದದ್ದು ಅವರು, ಅಳಿಯ ಎರಡು ಸಲ ಆಕಳಿಸಿದ.) ತಾವು ಟ್ಯೂನು ಹುಡುಕಿಕೊಂಡು ಹೋಗುವವರಲ್ಲ, ಟ್ಯೂನೇ ತಮ್ಮನ್ನು ಹುಡುಕಿಕೊಂಡು ಬರುತ್ತದೆ, ಶಾಸ್ತ್ರದ ಬೇಲಿ ಇಲ್ಲದ ಬಯಲಿಗೆ ಮಾತ್ರ ಹಕ್ಕಿ ಇಳಿಯುತ್ತದೆ, ಇತ್ಯಾದಿ. ಆಮೇಲೆ ಮೂರು ಬೆರಳುಗಳೂ ಕಣಕ್ಕಿಳಿದವು.

ಟ್ಯೂನು ಮೇಲೇರಿತು, ಬಳುಕಿತು, ಇಳಿದು ನಿಂತಿತು. ಮುನ್ನುಡಿಯ ಹೊತ್ತಿಗೇ ತೂಕಡಿಸಿದ್ದ ಬೀಗಿತ್ತಿ ಕಣ್ಣು ಬಿಟ್ಟು, ಸೆರಗು ಸರಿಮಾಡಿಕೊಂಡು ಎದ್ದರು. ಭಾವಪರವಶರಾಗಿ ಕೈ ಮುಗಿಯಲು ಬರುತ್ತಿದ್ದಾರೆ ಎಂದುಕೊಂಡು ಯಜಮಾನರೂ ಅರ್ಧ ಎದ್ದರು.

"ಬಟ್ಟೆ ಆಯ್ತು ಅನ್ಸುತ್ತೆ," ಎಂದರು ಬೀಗಿತ್ತಿ, ಬಚ್ಚಲಿನ ಕಡೆ ತಿರುಗಿ. "ನೀವು ಕೂತ್ಕೊಳ್ಳಿ, ನಾನು ತೆಗೆದು ಹಾಕ್ತೀನಿ."

"ಯಾವ ಬಟ್ಟೆ?" ಎಂದರು ಯಜಮಾನರು.

"ಮಷೀನಿಂದು. ಈಗ ಹಾಡ್ತಲ್ಲ! ನಮ್ಮನೇಲೂ ಇದೇ ವಾಷಿಂಗ್ ಮಷೀನು. ಒಗೆದು ಮುಗೀತು ಅಂದ್ರೆ ಹೀಗೇ ಹಾಡುತ್ತೆ."

ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು. ವಿಷಯ ಇಷ್ಟೇ: ಆಕೆ ಬೆಳಿಗ್ಗೆ ಯಂತ್ರಕ್ಕೆ ಬಟ್ಟೆ ತುಂಬಿ, ಮಧ್ಯಾಹ್ನ ಮುಗಿಯುವಂತೆ ಟೈಮರ್ ಇಟ್ಟು, ಆಸ್ಪತ್ರೆಗೆ ಹೋಗುತ್ತಿದ್ದಳು. ಯಂತ್ರ ತನ್ನ ಕೆಲಸ ಮುಗಿಸಿ ಹಾಡುವ ಹೊತ್ತಿಗೆ ಮನೆಯಲ್ಲಿದ್ದ ಏಕೈಕ ಶ್ರೋತೃ, ಗೋಡೆಯಾಚೆ ಅರೆನಿದ್ದೆಯಲ್ಲಿದ್ದ ಯಜಮಾನರು. ಸಂಜೆ ಆಕೆ ಬಂದು ಸದ್ದಿಲ್ಲದ ಯಂತ್ರದಿಂದ ಬಟ್ಟೆ ತೆಗೆಯುತ್ತಿದ್ದಳು. ಆಕೆ ಆ ಹಾಡನ್ನು ಕೇಳಿರಲೇ ಇಲ್ಲ. ಅವರು ಆ ಯಂತ್ರವನ್ನು ಮುಟ್ಟಿರಲೇ ಇಲ್ಲ. ವರ್ಷಗಟ್ಟಲೆ ಸಂಸಾರ ಹೀಗೆ ಸಾಮರಸ್ಯದಿಂದ ನಡೆದಿತ್ತು.

ಬೀಗರು ಕೆಮ್ಮಿದರು. ಕೆಮ್ಮು ನಿಲ್ಲದೆ ಅಂಗಳಕ್ಕೆ ಹೋದರು. ಹೊರಗೆ ಅದು ಕೆಮ್ಮಾಗಿ ಉಳಿಯಲಿಲ್ಲ.

ಅವರನ್ನು ಕಳಿಸಿದ ಮೇಲೆ ಮಗಳು ಅಡುಗೆಮನೆಯಲ್ಲಿ ಮುಖ ತಿರುಗಿಸಿ ನಿಂತಳು. "ನೀನೇ ಕಟ್ಟಿದ್ದು ಅಂತ ಆಫೀಸಲ್ಲೆಲ್ಲ ಹೇಳ್ಕೊಂಡಿದೀನಪ್ಪಾ. ಬಟ್ಟೆ ಒಗೆಯೋ ಹಾಡಿಗೆ ನಾನು ನಡ್ಕೊಂಡು ಬರಲ್ಲ. ಏನೂ ಇಲ್ದೆ ಸುಮ್ನೆ ಬಂದ್ಬಿಡ್ತೀನಿ."

ಯಂತ್ರಕ್ಕೂ ತನಗೂ ಪ್ರೇರಣೆ ಒಂದೇ ಮೂಲದಿಂದ ಬಂದಿರಬಹುದು ಎಂಬ ವಾದವನ್ನು ಯಜಮಾನರು ನಾಲಗೆಯ ತುದಿಗೆ ತಂದು, ಮಗಳ ಮುಖ ನೋಡಿ ನುಂಗಿಕೊಂಡರು.

ಆ ವಾರವೆಲ್ಲ ಹೆಂಡತಿ ಕೀಬೋರ್ಡಿನ ಮುಂದೆ ಕೂತಳು. ಏರುವ ತುಣುಕನ್ನು ಇಟ್ಟುಕೊಂಡು ನಡೆಯನ್ನು ನಿಧಾನ ಮಾಡಿದಳು. ಬಳುಕುವಲ್ಲಿ ತಾನೇ ಎರಡು ಹೊಸ ಸಾಲು ಸೇರಿಸಿದಳು. ಕೊನೆಯನ್ನು ಸ ಗೆ ಇಳಿಸದೆ ಪ ದಲ್ಲಿ ನಿಲ್ಲಿಸಿದಳು. ಯಂತ್ರದ ಹಾಡೆಂದು ಅದನ್ನು ಹೆತ್ತ ಕಂಪನಿಗೂ ಗುರುತು ಸಿಗುತ್ತಿರಲಿಲ್ಲ. ಮಗಳು ಕೇಳಿದಳು, ಇನ್ನೊಂದು ಸಲ ಕೇಳಿದಳು, ಕಣ್ಣೊರೆಸಿಕೊಂಡಳು.

"ಇದಾದ್ರೆ ಬರ್ತೀನಿ. ಆದ್ರೆ ಅಮ್ಮಾನೇ ನುಡಿಸ್ಬೇಕು."

ಯಜಮಾನರಿಗೆ ಅನ್ಯಾಯವೆನಿಸಿತು. ಹಕ್ಕಿ ಇಳಿದದ್ದು ತಮ್ಮ ಬಯಲಿಗೆ. ಗೂಡು ಕಟ್ಟಿಕೊಟ್ಟವರಿಗೆ ಹೆಸರೇ? "ಇಲ್ಲಿ ಕೂತ್ಕೊಳ್ಳಿ, ಬದಲಾಯಿಸಿದ್ದು ತೋರಿಸ್ತೀನಿ," ಎಂದು ಹೆಂಡತಿ ಕರೆದಳು. "ಕೇಳಿದ್ರೆ ಸಾಕು, ನಂಗೆ ಬರುತ್ತೆ," ಎಂದು ಅವರು ಬಾಗಿಲಲ್ಲೇ ನಿಂತು ಕೇಳಿದರು. ಕೂತು ಕಲಿತರೆ ಇದ್ದಬದ್ದ ಸೃಜನಶೀಲತೆಗೂ ಸೋಂಕು ತಗಲುವ ಅಪಾಯವಿತ್ತು.

ಮದುವೆಯ ದಿನ ಹಾಲ್ ತುಂಬಿತ್ತು. ವೇದಿಕೆಯ ಪಕ್ಕ ಕೀಬೋರ್ಡ್. ಎಡಕ್ಕೆ ಊಟದ ಹಾಲ್‌ನ ಬಾಗಿಲು, ಅದರ ಸಂದಿನಿಂದ ಬಿಸಿ ಬಿಸಿ ಪರಿಮಳ. ಹೆಂಡತಿ ಮಗಳ ಉಡುಗೆ ಸರಿಪಡಿಸಿ ಬರಲು ಹೋಗಿದ್ದಳು. ಅಷ್ಟರಲ್ಲಿ ಮೈಕ್ ಹಿಡಿದಿದ್ದ ಹುಡುಗನ ಕಿವಿಯಲ್ಲಿ ಯಜಮಾನರು ಏನೋ ಉಸುರಿದರು.

"ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ, ಮದುಮಗಳು ಬರ್ತಾ ಇದಾರೆ! ಸಂಗೀತ ಸಂಯೋಜನೆ ಮತ್ತು ವಾದನ, ಮದುಮಗಳ ತಂದೆಯವರಿಂದ!"

ಹೆಂಡತಿ ಓಡಿ ಬರುವಷ್ಟರಲ್ಲಿ ಮೂರು ಬೆರಳುಗಳು ಆಗಲೇ ಮೇಲೇರುತ್ತಿದ್ದವು. ಹಿಂಬಾಗಿಲಲ್ಲಿ ಮಗಳು ಹೂಗುಚ್ಛ ಹಿಡಿದು ಮೊದಲ ಹೆಜ್ಜೆ ಇಟ್ಟಳು. ಶುರು ಸೊಗಸಾಗೇ ಇತ್ತು. ಬಳುಕುವ ಜಾಗಕ್ಕೆ ಬಂದಾಗ ಆ ಎರಡು ಹೊಸ ಸಾಲು ಯಾವುದೆಂದು ಯಜಮಾನರಿಗೆ ಹೊಳೆಯಲಿಲ್ಲ. ಹೃದಯವನ್ನು ಕೇಳಿದರು, ಅದು ಸುಮ್ಮನಿತ್ತು. ಬೆರಳುಗಳು ವರ್ಷಗಳಿಂದ ಬಲ್ಲ ದಾರಿ ಹಿಡಿದು, ಮೆಟ್ಟಿಲಿಳಿದು, ನಿ ದಾಟಿ, ಠೀವಿಯಿಂದ ಸ ಮೇಲೆ ಬಂದು ನಿಂತುಬಿಟ್ಟವು.

ಅದೆಂಥ ನಿಲುಗಡೆ! ಅದಕ್ಕಿಂತ ಪೂರ್ತಿಯಾಗಿ ಯಾವುದೂ ಮುಗಿಯಲು ಸಾಧ್ಯವಿಲ್ಲ.

"ಆಯ್ತಾ?" ಎಂದಿತು ಕಂಬದ ಹಿಂದಿನ ಒಂದು ದನಿ.

"ಆಯ್ತು ಅನ್ಸುತ್ತೆ. ಬನ್ನಿ ಬನ್ನಿ, ಆಮೇಲೆ ಜಾಗ ಸಿಗಲ್ಲ."

ಹೇಗೂ ಎಲ್ಲರೂ ಎದ್ದು ನಿಂತಿದ್ದರು. ಮೊದಲು ಎಡಗಡೆಯ ಸಾಲು ತಿರುಗಿತು, ಅದರ ಹಿಂದೆ ನಡುವಿನ ಸಾಲು, ಆಮೇಲೆ ಇಡೀ ಹಾಲ್. ಮೈಕಿನ ಹುಡುಗ "ಇನ್ನೂ ಇದೆ, ಇನ್ನೂ ಇದೆ" ಎಂದು ಕೂಗಿದ್ದನ್ನು ಊಟ ಇನ್ನೂ ಇದೆ ಎಂಬ ಭರವಸೆಯಾಗಿ ಜನ ಸ್ವೀಕರಿಸಿದರು. ಬೀಗಿತ್ತಿಯ ಅಕ್ಕ ತಂಗಿಯರು ಒಬ್ಬರನ್ನೊಬ್ಬರು ಕೈಹಿಡಿದು ಕರೆದೊಯ್ದರು. ಬೀಗರು ಸಹ ಎರಡು ಹೆಜ್ಜೆ ಹಾಕಿ, ಜ್ಞಾಪಕ ಬಂದು ನಿಂತರು.

ಯಜಮಾನರು ಚಪ್ಪಾಳೆಗೆಂದು ತಲೆಯೆತ್ತಿದಾಗ ಎದುರಿಗೆ ಖಾಲಿ ಕುರ್ಚಿಗಳಿದ್ದವು. ದೂರದಲ್ಲಿ, ಹಾಲ್‌ನ ನಟ್ಟನಡುವೆ, ಮಗಳು ಹೂಗುಚ್ಛ ಹಿಡಿದು ಒಬ್ಬಳೇ ನಿಂತಿದ್ದಳು. ವೇದಿಕೆಯ ಮೇಲಿಂದ ಅಳಿಯ ಆಕೆಗೆ ಸುಮ್ಮನೆ ಕೈಬೀಸಿದ.

ಹೆಂಡತಿ ಪಕ್ಕಕ್ಕೆ ಬಂದು ನಿಂತಳು.

"ಒಬ್ರೂ ಶಾಸ್ತ್ರ ಕಲಿತೋರಲ್ಲ ರೀ," ಎಂದಳು, ಊಟದ ಬಾಗಿಲಿನ ನೂಕುನುಗ್ಗಲನ್ನು ನೋಡುತ್ತಾ. "ಎಲ್ಲರಿಗೂ ಅರ್ಥ ಆಯ್ತು ನೋಡಿ."

ಯಜಮಾನರು ಎದ್ದು ಸ್ಟೂಲು ಬಿಟ್ಟುಕೊಟ್ಟರು. ಹೆಂಡತಿ ಕೂತು ಮೊದಲಿನಿಂದ ಶುರು ಮಾಡಿದಳು. ಮಗಳು ಹಿಂದೆ ಹೋಗಿ, ಬಾಗಿಲಿಂದ ಮತ್ತೆ ನಡೆದು ಬಂದಳು. ಟ್ಯೂನು ಏರಿತು, ಬಳುಕಿತು, ಇಳಿಯಲಿಲ್ಲ. ತೆರೆದ ಬಾಗಿಲಿನಂತೆ ಪ ದಲ್ಲಿ ನಿಂತಿತು. ಊಟದ ಹಾಲ್‌ನಲ್ಲಿ ತಟ್ಟೆಗಳ ಸದ್ದು ಅಡಗಿತು. ಒಬ್ಬೊಬ್ಬರಾಗಿ ಜನ ಮುಂದೇನೆಂದು ಬಾಗಿಲಲ್ಲಿ ಇಣುಕಿದರು, ಕೆಲವರು ತಟ್ಟೆ ಸಮೇತ.

ಯಜಮಾನರು ಬಗ್ಗಿ ಹೆಂಡತಿಯ ಕಿವಿಯ ಬಳಿ ಪಿಸುಗುಟ್ಟಿದರು: "ಅದೇ... ಆ ಕೊನೇದು. ಅದ್ಯಾವ ಕೀ ಒತ್ತಿದ್ದು?"

"ಸೋಮವಾರದಿಂದ ಹೊಸ ಬ್ಯಾಚು ಶುರು," ಎಂದಳು ಹೆಂಡತಿ, ಬೆರಳು ಎತ್ತದೆ. "ಬೆಂಚು ಸ್ವಲ್ಪ ಚಿಕ್ಕದು. ಮಕ್ಕಳಿಗೆ ಜಾಗ ಬಿಟ್ಟು ಕೂತ್ಕೊಳ್ಳಿ."