ಮಾತು ಬಿಟ್ಟ ಹಲಗೆಗಳು

ನಮ್ಮ ಕಾಕಾ ತನ್ನ ಮೈಗೆ ಸೋಪು ಹಚ್ಚಿಕೊಂಡದ್ದನ್ನು ನೋಡಿದವರು ಇಡೀ ಜಮಖಂಡಿಯಲ್ಲಿ ಕಡಿಮೆ. ಆದರೆ ಅವನು ಕಟ್ಟಿಗೆಗೆ ಎಣ್ಣೆ ಹಚ್ಚಿ ಜಳಕ ಮಾಡಿಸಿದ್ದನ್ನು ಮಾತ್ರ ನಮ್ಮ ಓಣಿಯೆಲ್ಲ ನೋಡಿದೆ. ಯಾಕೆ ಮಾಡಿಸಿದ ಅಂತೀರಾ? ಅದನ್ನೇ ಈಗ ಹೇಳುತ್ತೇನೆ.

ನಮ್ಮ ಮನೆಯ ಮಹಡಿಯ ಮೇಲೆ, ಹಿತ್ತಲ ಕಡೆಗೆ, ಸಾಗವಾನಿ ಹಲಗೆ ಹಾಸಿದ ಉದ್ದನೆಯ ಗ್ಯಾಲರಿ ಇದೆ. ಈ ತುದಿಗೆ ಅಜ್ಜಿಯ ಕೋಣೆ, ಆ ತುದಿಗೆ ಅಜ್ಜಿಯ ಕುರ್ಚಿ. ಅಜ್ಜಿಯ ಕಣ್ಣು ಎಷ್ಟು ಮಂಜಾಗಿದೆಯೆಂದರೆ, ಎದುರಿಗೆ ಎಮ್ಮೆ ಬಂದು ನಿಂತರೂ ಸೊಸೆ ಎಂದೇ ಮಾತಾಡಿಸುತ್ತಾಳೆ. (ಹೀಗೆ ಒಮ್ಮೆ ಆಗಿತ್ತು ಎಂದು ಬರೆದರೆ ಅವ್ವ ನನಗೆ ಊಟಕ್ಕೆ ಹಾಕುವುದಿಲ್ಲ. ಆದ್ದರಿಂದ ಬರೆಯುವುದಿಲ್ಲ.) ಆದರೂ ದಿನಾ ಸಂಜೆ ಒಬ್ಬಳೇ ಗ್ಯಾಲರಿ ದಾಟಿ ಹೋಗಿ ಕುರ್ಚಿಯಲ್ಲಿ ಕೂಡುತ್ತಾಳೆ. ಯಾರಾದರೂ ಕೈ ಹಿಡಿಯಲು ಹೋದರೆ, "ಬಿಡ, ನಾ ಏನ್ ಕೂಸೇನ?" ಎಂದು ಕೊಡವಿಕೊಳ್ಳುತ್ತಾಳೆ. ದಿನವಿಡೀ ಅವಳು ಯಾರ ಕೈಯನ್ನೂ ಹಿಡಿಯದೆ ಮಾಡುವ ಕೆಲಸ ಅದೊಂದೇ.

ಒಂದು ದಿನ ಹಲಗೆಯ ಸಿಬಿರು ಅಜ್ಜಿಯ ಅಂಗಾಲಿಗೆ ಚುಚ್ಚಿತು. ಸೂಜಿ ಹಿಡಿದು ತೆಗೆದದ್ದು ಅವ್ವ. ಅತ್ತದ್ದು ಕಾಕಾ.

ಆವತ್ತಿನಿಂದ ಕಾಕಾ ಮುಧೋಳದ ಕಚೇರಿಗೆ ಹೋಗುವ ಬಸ್ಸಿನಲ್ಲೂ ಮೊಬೈಲ್ ಹಿಡಿದೇ ಕುಳಿತ. ಯಾವುದೋ ದೇಶದ ಕೆಂಪು ಗಡ್ಡದವನೊಬ್ಬ ಹಳೆಯ ಹಲಗೆಗಳನ್ನು ಹೊಸದು ಮಾಡುವ ವಿಡಿಯೋ. ಅವನ ಮಾತು ಕಾಕಾನಿಗೆ ಒಂದಕ್ಷರ ತಿಳಿಯದು. ಕೇಳಿದರೆ, "ಕಟ್ಟಿಗಿಗೆ ಭಾಷಾ ಇರತೈತೇನಲೇ?" ಎಂದು ನನಗೇ ತಿರುಗಿ ಬಿದ್ದ.

ಗಡ್ಡದವನ ಕೈಯಲ್ಲಿ ನೀರು ಚಿಮ್ಮುವ ಗನ್ನು ಇತ್ತು. ಕಾಕಾ ಬನಹಟ್ಟಿಯ ಗೆಳೆಯನ ಗ್ಯಾರೇಜಿನಿಂದ ಕಬ್ಬಿನ ಟ್ರ್ಯಾಕ್ಟರ್ ತೊಳೆಯುವ ಪಂಪನ್ನೇ ತಂದ. ಹಲಗೆ ಸಂದಿಯಿಂದ ಇಳಿದ ನೀರು ಎಲ್ಲಿಗೆ ಹೋಗುತ್ತದೆ? ಗಡ್ಡದವನು ಹೇಳಿರಲಿಲ್ಲ. ಕೆಳಗೆ ಹಿತ್ತಲಲ್ಲಿ ಅವ್ವ ಹಪ್ಪಳ ಒಣಹಾಕಿದ್ದಳು. ಅವು ಮತ್ತೆ ಹಿಟ್ಟಾಗಿ ಕುಳಿತಿದ್ದವು.

"ಏನ್ರೀ ಇದು?" ಅವ್ವ ಮೈದುನನನ್ನು ಕೇಳಿದಳು.

"ವೈನಿ, ಇನ್ನೊಮ್ಮಿ ಲಟ್ಟಿಸಿದ್ರ ಆತು. ಹಿಟ್ಟು ನಾದೂ ಕೆಲಸರ ಉಳೀತಲ್ಲ."

ಅವತ್ತು ಕಾಕಾನಿಗೆ ಊಟ ಇರಲಿಲ್ಲ.

ಮುಂದೆ ಅಡಿಭಾಗವನ್ನೂ ತೊಳೆಯಬೇಕೆಂದು ಹಲಗೆಗಳನ್ನು ಕಿತ್ತ. ಯಾವುದು ಎಲ್ಲಿಯದು ಎಂದು ಮರೆಯಬಾರದಲ್ಲ? ಒಂದೊಂದರ ಮೇಲೂ ಸೀಮೆಸುಣ್ಣದಿಂದ ನಂಬರು ಬರೆದ. ಮುತ್ತಿನಂಥ ಬರಹ. ಆಮೇಲೆ ಅಂಟವಾಳದ ನೊರೆ ಹಚ್ಚಿ, ತೆಂಗಿನ ನಾರಿನಿಂದ ಒಂದೊಂದನ್ನೂ ತಿಕ್ಕಿ ತಿಕ್ಕಿ ತೊಳೆದ.

"ಕಾಕಾ, ನಂಬರ ಎಲ್ಲಿ ಅದಾವ?" ಎಂದೆ.

ಕಾಕಾ ಹಲಗೆ ನೋಡಿದ. ಕೈಯಲ್ಲಿದ್ದ ನಾರು ನೋಡಿದ. ಮೋರಿಯ ಕಡೆ ನೋಡಿದ.

"ಸ್ವಚ್ಛ ಆತಲ್ಲ," ಎಂದ.

ಅಷ್ಟು ದಿನ ಅಜ್ಜಿ ಕೋಣೆಯಲ್ಲೇ ಕುಳಿತಿದ್ದಳು. ಸಂಜೆಯಾದರೆ ಸಾಕು, "ಮುಗೀತೇನಲೇ?" "ಆತ ಬೇ, ಆತು." ಕಾಕಾ ಹಲಗೆಗಳಿಗೆ ಅಗಸಿ ಎಣ್ಣೆ ಕುಡಿಸಿದ, ಆ ವಾಸನೆಗೆ ಮನೆಗೆ ಬಂದವರೆಲ್ಲ ಅಗಸಿ ಚಟ್ನಿ ಕೇಳತೊಡಗಿದರು. ಕೊನೆಗೆ ಹೇಗೆ ಕೂಡಿದವೋ ಹಾಗೆ ಜೋಡಿಸಿ, ಮೊಳೆಯ ಬದಲು ಸ್ಕ್ರೂ ಹಾಕಿ ಬಿಗಿದ. ಮುಖ ಕಾಣುವಷ್ಟು ಹೊಳಪು, ಕುಣಿದರೂ ಸದ್ದಿಲ್ಲ. ನಾನು ಕುಣಿದು ನೋಡಿದೆ, ಪರೀಕ್ಷೆಗೆಂದು.

ಅಜ್ಜಿ ಹೊಸ್ತಿಲು ದಾಟಿದಳು. ಎರಡು ಹೆಜ್ಜೆ ಇಟ್ಟು ನಿಂತಳು. ಬಲಗಾಲು ಹಲಗೆಯ ಮೇಲೆ ಏನನ್ನೋ ಹುಡುಕಿತು. ಗೋಡೆಯ ಕಡೆಗೆ ಮುಖ ಮಾಡಿ ಕೇಳಿದಳು:

"ಲೇ, ಇದು ಯಾರ ಮನಿಯೋ?"

ನಾವೆಲ್ಲ ನಕ್ಕೆವು. ಕಾಕಾ ನಗಲಿಲ್ಲ.

"ನಿಂದ ಬೇ."

"ನಂದಾಗಿದ್ರ ಇಷ್ಟೊತ್ತಿಗೆ ಕಿರ್ ಅನಬೇಕಿತ್ತಲ್ಲ."

ಅಜ್ಜಿ ಗಾಳಿಯಲ್ಲಿ ಕೈ ಚಾಚಿದಳು. ನಾನು ಹಿಡಿದು ಕುರ್ಚಿಗೆ ಕರೆದೊಯ್ದೆ. ಅವಳು ಕೊಡವಿಕೊಳ್ಳಲಿಲ್ಲ.

ಮರುದಿನ ನೋಡಿದರೆ ಕಾಕಾ ಬಿಗಿದ ಸ್ಕ್ರೂಗಳನ್ನು ತಾನೇ ಬಿಚ್ಚುತ್ತಿದ್ದಾನೆ! ಪಕ್ಕದಲ್ಲಿ ಅಜ್ಜಿ.

"ಬಾಗಲ ಹತ್ರ ಕಿರ್. ಆಮ್ಯಾಲ?"

"ಸ್ವಲ್ಪ ದೂರ ಸುಮ್ಮನ. ಆಮ್ಯಾಲ ಕುಂಯ್, ಬೆಕ್ಕಿನ ಮರಿ ಹಂಗ."

"ಹಿಂಗ? ಕುಂಯ್ಯ್?"

"ಅಷ್ಟ ಉದ್ದ ಅಲ್ಲಲೇ."

"ಕುರ್ಚಿ ಹತ್ರ?"

"ಡಬ್."

ಮೆಟ್ಟಿಲ ಮೇಲೆ ನಿಂತಿದ್ದ ಅವ್ವ, "ಇಬ್ರಿಗೂ ಕೂಡಿಸಿ ದೃಷ್ಟಿ ತಗೀಲೇನು?" ಎಂದಳು. ಹಲಗೆಯನ್ನು ಮತ್ತೆ ಕೆಡಿಸುವುದು ಹೇಗೆಂದು ಕೆಂಪು ಗಡ್ಡದವನ ಯಾವ ವಿಡಿಯೋದಲ್ಲೂ ಇರಲಿಲ್ಲ. ಕಾಕಾ ಒಂದನ್ನು ಸಡಿಲಿಸಿ ಜಿಗಿಯುತ್ತಾನೆ, ಕಿವಿ ಕೊಡುತ್ತಾನೆ, ಇನ್ನೊಂದನ್ನು ತಂದಿಟ್ಟು ಜಿಗಿಯುತ್ತಾನೆ. ಹಿತ್ತಲ ಆಚೆಯ ದಾರಿಯಲ್ಲಿ ಹೋಗುವ ಓಣಿಯವರು ತಲೆಯೆತ್ತಿ ನೋಡಿ, ತಮ್ಮತಮ್ಮಲ್ಲೇ ಏನೋ ಹೇಳಿಕೊಂಡು ಹೋಗುತ್ತಾರೆ.

ಒಂದು ಸಂಜೆ ಅಜ್ಜಿ ಮತ್ತೆ ಹೊಸ್ತಿಲು ದಾಟಿದಳು. ಕಿರ್. ಅವಳ ಬೆನ್ನು ನೆಟ್ಟಗಾಯಿತು. ಸುಮ್ಮನೆ ನಡೆದಳು. ಕುಂಯ್. ಹಿಂದೆ ಕಾಕಾ ತುದಿಗಾಲಲ್ಲಿ, ಎರಡೂ ಕೈ ಚಾಚಿಕೊಂಡು, ಅವಳನ್ನು ಮುಟ್ಟದೆ, ಉಸಿರೂ ಬಿಡದೆ ಬರುತ್ತಿದ್ದ. ನಾನು ಬಾಯಿ ತೆರೆದರೆ ಕಣ್ಣಲ್ಲೇ ಗದರಿಸಿದ. ಡಬ್. ಅಜ್ಜಿ ತಿರುಗಿ, ತಡವರಿಸದೆ, ಕುರ್ಚಿಯಲ್ಲಿ ಕುಳಿತಳು.

ಅಷ್ಟರಲ್ಲಿ ಹಿಂದೆ, ಕಾಕಾನ ಕಾಲಡಿ, ಇನ್ನೊಂದು ಕುಂಯ್.

"ಲೇ," ಎಂದಳು ಅಜ್ಜಿ, ಹಿತ್ತಲ ಕಡೆಗೇ ಮುಖ ಮಾಡಿಕೊಂಡು, "ಕೈ ಇಳಸೋ. ನೋಯ್ತಾವ."